ಬಡ್ಡಿಗೆ ಅಮಾವಾಸ್ಯೆ ಇಲ್ಲ



ನಮ್ಮ ಬಾದಾಮಿ, ಗುಳೇದಗುಡ್ಡ, ಇಳಕಲ್ ಕಡೆಯ ನೇಕಾರರ ಓಣಿಗಳಲ್ಲಿ ಅಮಾವಾಸ್ಯೆಯ ದಿನ ಮಗ್ಗದ ಸಪ್ಪಳ ಕೇಳುವುದಿಲ್ಲ. ಲಾಳಿಗೆ ಆ ದಿನ ಬಿಡುವು. ರೈತರೂ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ನನ್ನ ಅತ್ತೆ ಗುಳೇದಗುಡ್ಡದಲ್ಲಿ ಖಣ ನೇಯುವವರ ಮನೆಯಲ್ಲಿ ಹುಟ್ಟಿ ಬೆಳೆದವರು. 2010ರ ಜನವರಿಯಲ್ಲಿ ನಾವು ಬಾದಾಮಿಯಲ್ಲಿ ಮನೆ ಕಟ್ಟಿಸಲು ಬ್ಯಾಂಕಿನ ಸಾಲದ ಕಾಗದಕ್ಕೆ ಸಹಿ ಹಾಕಿ ಬಂದ ಸಂಜೆ ಅವರು ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಹೇಳಿದರು: “ಮಗ್ಗಕ್ಕ ಅಮಾಸಿ ಐತಿ, ಎತ್ತಿಗೆ ಅಮಾಸಿ ಐತಿ. ಬಡ್ಡಿಗೆ ಅಮಾಸಿ ಇಲ್ಲವ್ವ. ನೆನಪಿಟ್ಕೋ.”

ಅಕ್ಷರ ಬಾರದ ಆ ಹಿರಿಯಳ ಮಾತಿನಲ್ಲಿ ಸಾಲದ ಗಣಿತವೆಲ್ಲ ಅಡಗಿತ್ತು. ಅದು ನನಗೆ, ಶಾಲೆಯಲ್ಲಿ ಮಕ್ಕಳಿಗೆ ಬಡ್ಡಿಯ ಲೆಕ್ಕ ಕಲಿಸುವ ಶಿಕ್ಷಕಿಗೆ, ಅರ್ಥವಾಗಲು ಒಂದು ವರ್ಷ ಬೇಕಾಯಿತು. ಮನೆಯ ಸಾಲವನ್ನು ಅವಧಿಗೆ ಮುಂಚೆ ತೀರಿಸುವುದು ಹೇಗೆ, ಹಾಗೆ ತೀರಿಸುವಾಗ ಸಂಸಾರದ ಖರ್ಚನ್ನು ತೂಗಿಸುವುದು ಹೇಗೆ ಎಂಬುದನ್ನು ನಮ್ಮ ಮನೆಯ ಅನುಭವದಿಂದಲೇ ಇಂದು ನಿಮ್ಮ ಮುಂದೆ ಇಡುತ್ತೇನೆ.

ನಾವು ತೆಗೆದದ್ದು 8 ಲಕ್ಷ ರೂಪಾಯಿ. ಅವಧಿ 15 ವರ್ಷ. ಬಡ್ಡಿ ಆಗ ಶೇಕಡಾ 9. ತಿಂಗಳ ಕಂತು 8,114 ರೂಪಾಯಿ. ನನ್ನ ಸಂಬಳ ತಿಂಗಳಿಗೊಮ್ಮೆ ಬರುತ್ತಿತ್ತು. ನಮ್ಮ ಮನೆಯವರದು ಸೀರೆ, ಖಣದ ಸಣ್ಣ ಅಂಗಡಿ. ಲಗ್ನದ ದಿನಗಳಲ್ಲಿ, ಬನಶಂಕರಿ ಜಾತ್ರೆಯಲ್ಲಿ ಕೈತುಂಬ ವ್ಯಾಪಾರ. ಆಷಾಢದಲ್ಲಿ ಅಂಗಡಿಯ ಮುಂದೆ ಗಾಳಿ ಮಾತ್ರ. ಒಂದು ವರ್ಷ ಒಂದು ಕಂತೂ ತಪ್ಪಿಸದೆ ಕಟ್ಟಿದೆವು. ವರ್ಷದ ಕೊನೆಗೆ ಲೆಕ್ಕದ ಚೀಟಿ ತರಿಸಿ ನೋಡಿದರೆ ನನಗೆ ನಂಬಲಾಗಲಿಲ್ಲ. ಕಟ್ಟಿದ ಹಣ 97 ಸಾವಿರ ರೂಪಾಯಿಗೂ ಹೆಚ್ಚು. ಅಸಲು ಇಳಿದದ್ದು 26 ಸಾವಿರ ಚಿಲ್ಲರೆ. ಉಳಿದದ್ದೆಲ್ಲ ಬಡ್ಡಿ ತಿಂದಿತ್ತು.

ಬ್ಯಾಂಕಿನವರು ಮೋಸ ಮಾಡಿದ್ದಾರೆ ಎಂದು ಮನೆಯವರು ಸಿಟ್ಟಾದರು. ಮೋಸ ಏನೂ ಇರಲಿಲ್ಲ. ಲೆಕ್ಕ ಇರುವುದೇ ಹಾಗೆ. ಬಡ್ಡಿ ಬೀಳುವುದು ಉಳಿದ ಅಸಲಿನ ಮೇಲೆ. ಮೊದಲ ತಿಂಗಳು ಅಸಲು ಪೂರ್ತಿ 8 ಲಕ್ಷ. ಅದಕ್ಕೆ ಒಂದು ತಿಂಗಳ ಬಡ್ಡಿ 6,000 ರೂಪಾಯಿ. ಕಂತಿನಲ್ಲಿ ಮೊದಲು ಅದು ಹೋಗುತ್ತದೆ. ಮಿಕ್ಕ 2,114 ರೂಪಾಯಿ ಮಾತ್ರ ಅಸಲಿಗೆ ಸೇರುತ್ತದೆ. ಅಸಲು ಇಳಿದಂತೆ ಬಡ್ಡಿಯ ಪಾಲು ಇಳಿಯುತ್ತದೆ, ಆದರೆ ಬಹಳ ನಿಧಾನವಾಗಿ. ಅಂದಮೇಲೆ ಕಂತಿನ ಹೊರತಾಗಿ ನಾವು ಕಟ್ಟುವ ಪ್ರತಿ ರೂಪಾಯಿಯೂ ನೇರವಾಗಿ ಅಸಲನ್ನು ಕಡಿಯುತ್ತದೆ. ಆ ರೂಪಾಯಿಯ ಮೇಲೆ ಮುಂದೆಂದೂ ಬಡ್ಡಿ ಬೀಳುವುದಿಲ್ಲ.

ಇಂದಿನ ಕೇಳುಗರಿಗಾಗಿ ಈಗಿನ ಕಾಲದ ಲೆಕ್ಕ ಒಂದನ್ನು ಹೇಳುತ್ತೇನೆ. ಕೈಯಲ್ಲಿ ಪೆನ್ನು ಕಾಗದ ಇದ್ದರೆ ಬರೆದುಕೊಳ್ಳಿ. 15 ಲಕ್ಷ ರೂಪಾಯಿ ಸಾಲ, ಶೇಕಡಾ 9 ಬಡ್ಡಿ, 20 ವರ್ಷದ ಅವಧಿ ಎಂದು ಇಟ್ಟುಕೊಳ್ಳಿ. ಕಂತು 13,496 ರೂಪಾಯಿ. ಇಪ್ಪತ್ತು ವರ್ಷ ಕಟ್ಟಿದರೆ ಬಡ್ಡಿಯೇ 17 ಲಕ್ಷ 39 ಸಾವಿರ ಆಗುತ್ತದೆ. ಕಂತಿನಲ್ಲಿ ಬಡ್ಡಿಗಿಂತ ಅಸಲಿನ ಪಾಲು ಹೆಚ್ಚಾಗಬೇಕಾದರೆ ಹನ್ನೆರಡು ವರ್ಷ ದಾಟಬೇಕು. ಇದೇ ಸಾಲಕ್ಕೆ ಮೊದಲಿನಿಂದಲೇ ತಿಂಗಳಿಗೆ 1,000 ರೂಪಾಯಿ ಹೆಚ್ಚು ಕಟ್ಟುತ್ತ ಬಂದರೆ 16 ವರ್ಷ 9 ತಿಂಗಳಿಗೆ ಸಾಲ ಮುಗಿಯುತ್ತದೆ. ಮೂರು ವರ್ಷಕ್ಕೂ ಮೀರಿದ ಕಂತುಗಳು ತಪ್ಪುತ್ತವೆ. ಬಡ್ಡಿಯಲ್ಲಿ ಸುಮಾರು 3 ಲಕ್ಷ 35 ಸಾವಿರ ರೂಪಾಯಿ ಉಳಿಯುತ್ತದೆ.

ತಿಂಗಳಿಗೆ ಸಾವಿರ ಎಂದರೆ ದಿನಕ್ಕೆ ಮೂವತ್ಮೂರು, ಮೂವತ್ನಾಲ್ಕು ರೂಪಾಯಿ. ನಮ್ಮ ಕಡೆ ಅಂಗಡಿಕಾರರೆಲ್ಲ ಪಿಗ್ಮಿ ಕಟ್ಟುತ್ತಾರೆ. ಈ ಪಿಗ್ಮಿ ನಮ್ಮ ಕರ್ನಾಟಕದ್ದೇ ಕೊಡುಗೆ. 1928ರಲ್ಲಿ ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈ ಅವರು ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಬ್ಯಾಂಕಿನ ಮೂಲಕ ಇದನ್ನು ಆರಂಭಿಸಿದರು. ದಿನಕ್ಕೆ ಎರಡಾಣೆ ಕೊಡಬಲ್ಲವನೂ ಬ್ಯಾಂಕಿನ ಗಿರಾಕಿಯಾಗಲಿ, ಹಣ ತೆಗೆದುಕೊಳ್ಳುವವನು ಅವನ ಬಾಗಿಲಿಗೇ ಹೋಗಲಿ ಎಂಬುದು ಅದರ ಆಶಯ. ನಮ್ಮ ಮನೆಯವರು ಅಂಗಡಿಯ ಗಲ್ಲೆಯಿಂದ ದಿನವೂ ಪಿಗ್ಮಿ ಕಟ್ಟಿದರು. ವ್ಯಾಪಾರ ಆದ ದಿನ ಐವತ್ತು, ಆಗದ ದಿನ ಇಪ್ಪತ್ತು. ಕೂಡಿದ್ದು ಕೈಗೆ ಬಂದಾಗ ಅದು ಹೊಸ ವಾಹನಕ್ಕಾಗಲಿ ಮೊಬೈಲಿಗಾಗಲಿ ಹೋಗಲಿಲ್ಲ, ಸಾಲದ ಖಾತೆಗೆ ಹೋಯಿತು. ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ ಎಂಬುದನ್ನು ಶಾಲೆಯಲ್ಲಿ ಎಷ್ಟೋ ಸಲ ಹೇಳಿದ್ದೆ. ಮನೆಯಲ್ಲಿ ಅದನ್ನು ಕಣ್ಣಾರೆ ಕಂಡೆ.

ಇನ್ನೊಂದು ಲೆಕ್ಕವೂ ಮುಖ್ಯ. ಅದೇ 15 ಲಕ್ಷದ ಸಾಲಕ್ಕೆ ಮೊದಲ ವರ್ಷದ ಕೊನೆಗೆ ಒಂದೇ ಸಲ 50 ಸಾವಿರ ಕಟ್ಟಿದಿರಿ ಎನ್ನಿ. 19 ಕಂತು ತಪ್ಪುತ್ತವೆ. ಬಡ್ಡಿಯಲ್ಲಿ 2 ಲಕ್ಷಕ್ಕೂ ಹೆಚ್ಚು ಉಳಿತಾಯ. ಅದೇ 50 ಸಾವಿರವನ್ನು ಹದಿನೈದನೆಯ ವರ್ಷದ ಕೊನೆಗೆ ಕಟ್ಟಿದರೆ ತಪ್ಪುವುದು ಆರಕ್ಕಿಂತ ಕಡಿಮೆ ಕಂತು. ಉಳಿಯುವುದು ಸುಮಾರು 27 ಸಾವಿರ. ಹಣ ಅದೇ, ಕಾಲ ಬೇರೆ. ಬಿತ್ತನೆಗೆ ಹದ ಇರುವಂತೆ ಸಾಲ ತೀರಿಸುವುದಕ್ಕೂ ಹದ ಇದೆ. ಆ ಹದ ಮೊದಲ ಐದಾರು ವರ್ಷ. “ಮಕ್ಕಳು ದೊಡ್ಡವರಾದ ಮೇಲೆ ನೋಡೋಣ” ಎಂದು ಮುಂದೂಡುವವರು ಆ ಹದ ಕಳೆದುಕೊಳ್ಳುತ್ತಾರೆ.

ಸರಿ, ಆ ಹೆಚ್ಚಿನ ಹಣ ಎಲ್ಲಿಂದ ತರುವುದು? ಅಕ್ಕಂದಿರೆ, ತಂಗಿಯರೆ, ಈ ಮಾತು ನಿಮಗೆ. ಸಂಸಾರದ ಖರ್ಚು ತಿಂಗಳಿಗೆ ಒಂದೇ ಸಮ ಇರುವುದಿಲ್ಲ. ನಮ್ಮ ಕಡೆಯ ವರ್ಷಕ್ಕೆ ಅದರದೇ ಏರಿಳಿತ ಇದೆ. ಸುಗ್ಗಿಯಲ್ಲಿ ವರ್ಷದ ಬಿಳಿಜೋಳ ತುಂಬಬೇಕು. ಬೇಸಿಗೆಯಲ್ಲಿ ಮೆಣಸಿನಕಾಯಿ, ಬೇಳೆ, ಸಂಡಿಗೆ, ಹಪ್ಪಳ. ಜೂನ್ ಬಂದರೆ ಮಕ್ಕಳ ಫೀಸು, ಪುಸ್ತಕ, ಅಂಗಿ. ಶ್ರಾವಣದಲ್ಲಿ ಪಂಚಮಿ, ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ, ಉಂಡಿ ಕಟ್ಟಬೇಕು, ಉಡಿ ತುಂಬಬೇಕು. ಆಮೇಲೆ ದೀಪಾವಳಿ. ಪುಷ್ಯದ ಬನದ ಹುಣ್ಣಿಮೆಗೆ ಬನಶಂಕರಿ ತೇರು. ಜಾತ್ರೆ ವಾರಗಟ್ಟಲೆ ನಡೆಯುತ್ತದೆ, ನಾಟಕ ನೋಡಲು ಬಂದ ನೆಂಟರಿಂದ ಮನೆ ತುಂಬುತ್ತದೆ. ಇವು ಯಾವುವೂ ಅನಿರೀಕ್ಷಿತ ಖರ್ಚಲ್ಲ. ಪ್ರತಿ ವರ್ಷವೂ ಬರುತ್ತವೆ. ಆದರೂ ಪ್ರತಿ ವರ್ಷವೂ ನಾವು ಆ ತಿಂಗಳಲ್ಲಿ ಕೈಗಡಕ್ಕೆ ಓಡುತ್ತಿದ್ದೆವು.

2012ರಲ್ಲಿ ಅಡುಗೆಮನೆಯ ಗೋಡೆಯ ಪಂಚಾಂಗದ ಮೇಲೆ ಹನ್ನೆರಡು ತಿಂಗಳ ಖರ್ಚನ್ನು ನಾನು ಕೆಂಪು ಶಾಯಿಯಲ್ಲಿ ಬರೆದೆ. ಅಂಗಡಿಯ ಆದಾಯ ಹೆಚ್ಚುವ ತಿಂಗಳನ್ನು ಹಸಿರಿನಲ್ಲಿ ಗುರುತು ಮಾಡಿದೆ. ಎರಡೂ ಒಟ್ಟಿಗೆ ಕಂಡಾಗ ದಾರಿ ಕಂಡಿತು. ಲಗ್ನದ ವ್ಯಾಪಾರದ ಹಣದಲ್ಲಿ ಜೂನ್ ತಿಂಗಳ ಫೀಸು ಮೊದಲೇ ತೆಗೆದಿಟ್ಟೆವು. ಸುಗ್ಗಿಯಲ್ಲಿ ದರ ಇಳಿದಾಗಲೇ ಜೋಳ ತುಂಬಿಸಿದ್ದರಿಂದ ಮಳೆಗಾಲದಲ್ಲಿ ದುಬಾರಿ ದರಕ್ಕೆ ಕೊಳ್ಳುವುದು ತಪ್ಪಿತು. ಹೀಗೆ ಎಲ್ಲಕ್ಕೂ ಅದರದರ ಪಾಲು ಇಟ್ಟ ಮೇಲೆ ಜಾತ್ರೆಯ ವ್ಯಾಪಾರದಲ್ಲಿ ಉಳಿದದ್ದು ಸಾಲಕ್ಕೆ. ಒಂದು ವರ್ಷ 25 ಸಾವಿರ, ಇನ್ನೊಂದು ವರ್ಷ 50 ಸಾವಿರ. ನನ್ನ ಸಂಬಳ ಏರಿದಾಗಲೆಲ್ಲ ಏರಿದ್ದರಲ್ಲಿ ಅರ್ಧ ಮನೆಗೆ, ಅರ್ಧ ಸಾಲಕ್ಕೆ ಎಂದು ಗೆರೆ ಎಳೆದುಕೊಂಡೆವು.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಸಾಲ ಬೇಗ ತೀರಿಸುವ ಹುರುಪಿನಲ್ಲಿ ಮನೆಯವರ ಹೊಟ್ಟೆ ಕಟ್ಟಬಾರದು. ಇಂಥ ಹುರುಪು ಹತ್ತಿದ ಮನೆಯಲ್ಲಿ ಮೊದಲು ಕಡಿಮೆಯಾಗುವುದು ಹೆಣ್ಣುಮಕ್ಕಳ ತಟ್ಟೆಯ ಹಾಲು, ಹಣ್ಣು. ಆಮೇಲೆ ಅವರ ಔಷಧ. ನಾನು ಕಣ್ಣಾರೆ ಕಂಡಿದ್ದೇನೆ. ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿಯನ್ನು ಮನೆಯಾಕೆಯ ಕೈಯಿಂದ ತೆಗೆದುಕೊಂಡು ಕಂತಿಗೆ ಸೇರಿಸುವ ಮನೆಗಳಿವೆ. ಅದು ಆಕೆಯ ಹಣ. ಅದರಿಂದ ಏನು ಮಾಡಬೇಕೆಂದು ಆಕೆಯೇ ಹೇಳಲಿ.

ನಾವೂ ಒಂದು ದೊಡ್ಡ ತಪ್ಪು ಮಾಡಿದೆವು. 2014ರ ಜಾತ್ರೆ ಚೆನ್ನಾಗಿ ಆಯಿತು. ಇದ್ದಬದ್ದ 60 ಸಾವಿರವನ್ನೂ ಒಯ್ದು ಸಾಲಕ್ಕೆ ಕಟ್ಟಿದೆವು. ಎರಡು ತಿಂಗಳಿಗೆ ಮನೆಯವರಿಗೆ ಹೊಟ್ಟೆನೋವು ಬಂದು ಬಾಗಲಕೋಟೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಬೇಕಾಯಿತು. ಕೈಯಲ್ಲಿ ರೊಕ್ಕ ಇರಲಿಲ್ಲ. ಸಾಲದ ಖಾತೆಗೆ ಕಟ್ಟಿದ ಹಣವನ್ನು ಮರಳಿ ಕೇಳಲು ಬರುವುದಿಲ್ಲ. ಅತ್ತೆ ಕೊಟ್ಟಿದ್ದ ನನ್ನ ಬೋರಮಾಳವನ್ನು ಮನೆಸಾಲಕ್ಕಿಂತ ಹೆಚ್ಚಿನ ಬಡ್ಡಿಗೆ ಒತ್ತೆ ಇಟ್ಟೆವು. ಅದನ್ನು ಬಿಡಿಸಿಕೊಳ್ಳಲು ಒಂದೂವರೆ ವರ್ಷ ಹಿಡಿಯಿತು. ಅಂದಿನಿಂದ ನಮ್ಮ ಮನೆಯ ನಿಯಮ: ಆರು ತಿಂಗಳ ಸಂಸಾರದ ಖರ್ಚು ಮತ್ತು ಕಂತು ಬೇರೆ ಠೇವಣಿಯಲ್ಲಿ ಇರಬೇಕು. ಅದಕ್ಕೆ ಕೈ ಹಚ್ಚದೆ ಉಳಿದದ್ದು ಮಾತ್ರ ಸಾಲಕ್ಕೆ. ಕೆಲವು ಬ್ಯಾಂಕುಗಳಲ್ಲಿ ಹೆಚ್ಚಿಗೆ ಕಟ್ಟಿದ ಹಣವನ್ನು ಬೇಕಾದಾಗ ಮರಳಿ ತೆಗೆಯಬಹುದಾದ ಓವರ್‌ಡ್ರಾಫ್ಟ್ ಮಾದರಿಯ ಮನೆಸಾಲವೂ ಇದೆ. ಹೊಸದಾಗಿ ಸಾಲ ತೆಗೆಯುವವರು ಅದನ್ನು ಕೇಳಿ ನೋಡಿ.

ಹಾಗೆಯೇ, ಯಾವ ಸಾಲ ಮೊದಲು ತೀರಿಸಬೇಕು ಎಂಬ ವಿವೇಕವೂ ಬೇಕು. ಕೈಸಾಲಕ್ಕೆ “ನೂರಕ್ಕೆ ಮೂರು” ಎಂದರೆ ಕಡಿಮೆ ಎನಿಸುತ್ತದೆ. ಅದು ತಿಂಗಳ ಲೆಕ್ಕ. ವರ್ಷಕ್ಕೆ ಶೇಕಡಾ 36. ನೂರಕ್ಕೆ ಐದು ಎಂದರೆ ವರ್ಷಕ್ಕೆ 60. ಅಂಥ ಸಾಲವನ್ನು ತಲೆಯ ಮೇಲೆ ಇಟ್ಟುಕೊಂಡು ಶೇಕಡಾ 9ರ ಮನೆಸಾಲಕ್ಕೆ ಹೆಚ್ಚಿಗೆ ಕಟ್ಟುವುದು ತೂತಿನ ಕೊಡದಲ್ಲಿ ನೀರು ತಂದಂತೆ. ಕಿರುಸಾಲದ ವಸೂಲಿಗಾರರ ಕಾಟ ತಡೆಯಲಾರದೆ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ಕೇಳಿದ್ದೇವೆ. ಬಲವಂತದ ವಸೂಲಿಯನ್ನು ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಮೊದಲು ಆ ಸಾಲ ತೀರಲಿ, ಆಮೇಲೆ ಒಡವೆಯ ಸಾಲ, ಕೊನೆಗೆ ಮನೆಯದು. ಭವಿಷ್ಯ ನಿಧಿಯನ್ನು, ಮಗಳ ಓದಿಗೆ ಇಟ್ಟ ಠೇವಣಿಯನ್ನು ಮನೆಸಾಲಕ್ಕಾಗಿ ಒಡೆಯಬೇಡಿ.

“ಸಾಲ ಯಾಕೆ ತೀರಿಸ್ತೀರಿ, ಆ ರೊಕ್ಕ ಶೇರು ಪೇಟೆಗೆ ಹಾಕ್ರಿ, ಆದಾಯ ತೆರಿಗೆಯೊಳಗೂ ರಿಯಾಯಿತಿ ಸಿಗತೈತಿ” ಎಂದು ನನ್ನ ಅಣ್ಣನ ಮಗ ವಾದಿಸುತ್ತಾನೆ. ಅವನ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಹೊಸ ತೆರಿಗೆ ಪದ್ಧತಿ ಆಯ್ದುಕೊಂಡವರಿಗೆ ತಾವೇ ವಾಸಿಸುವ ಮನೆಯ ಸಾಲದ ಬಡ್ಡಿಗೆ ಆ ರಿಯಾಯಿತಿ ಇಲ್ಲ. ಶೇರು ಪೇಟೆಯ ಲಾಭಕ್ಕೆ ಖಾತ್ರಿ ಇಲ್ಲ. ಬಡ್ಡಿ ಉಳಿಸಿದ ಲಾಭಕ್ಕೆ ಖಾತ್ರಿ ಇದೆ. ಸಂಬಳ ಗಟ್ಟಿ ಇರುವ ಇಪ್ಪತ್ತೈದರ ಹುಡುಗ ಒಂದಿಷ್ಟು ಅಲ್ಲಿ ಇಡಲಿ. ಮಳೆ, ಜಾತ್ರೆ, ಲಗ್ನ ನೋಡಿಕೊಂಡು ಬದುಕುವ ನಮ್ಮಂಥ ಮನೆಗಳಿಗೆ ಸಾಲ ಇಳಿಸುವುದೇ ಗಟ್ಟಿ ಉಳಿತಾಯ ಎಂಬುದು ನನ್ನ ನಂಬಿಕೆ.

ಈಗ ಬ್ಯಾಂಕಿನ ಮುಂದೆ ನಿಂತಾಗ ಬೇಕಾಗುವ ನಾಲ್ಕು ಮಾತು. ನಾವು 2011ರಲ್ಲಿ ಹೆಚ್ಚಿನ ಹಣ ಕಟ್ಟಲು ಹೋದಾಗ ಶೇಕಡಾ 2 ದಂಡ ಆಗುತ್ತದೆ ಎಂದರು. ಸುಮ್ಮನೆ ಮರಳಿ ಬಂದೆವು. 2012ರ ಜೂನ್ ತಿಂಗಳಲ್ಲಿ ಭಾರತೀಯ ರಿಸರ್ವ್ ಬ್ಯಾಂಕು ಬದಲಾಗುವ ಬಡ್ಡಿದರದ ಮನೆಸಾಲಗಳಿಗೆ ಅಂಥ ದಂಡ ಹಾಕಬಾರದೆಂದು ಬ್ಯಾಂಕುಗಳಿಗೆ ಆದೇಶ ಕೊಟ್ಟಿತು. ಆ ಸುದ್ದಿ ಪತ್ರಿಕೆಯಲ್ಲಿ ಓದಿದ ವಾರವೇ ನಾವು ಮೊದಲ ಹೆಚ್ಚುವರಿ ಹಣ ಕಟ್ಟಿದೆವು. ಸ್ಥಿರ ಬಡ್ಡಿಯ ಸಾಲ ಇದ್ದವರು, ಪತ್ತಿನ ಸಹಕಾರ ಸಂಘದಲ್ಲಿ ಸಾಲ ಮಾಡಿದವರು ಮಾತ್ರ ತಮ್ಮ ಕರಾರುಪತ್ರವನ್ನು ಓದಿಸಿ ಕೇಳಿಕೊಳ್ಳಿ.

ಆ ಮೊದಲ ಸಲ ನಾವು ಕೊಟ್ಟ ಹಣವನ್ನು ಶಾಖೆಯವರು ಮುಂದಿನ ತಿಂಗಳುಗಳ ಕಂತು ಎಂದು ಜಮಾ ಮಾಡಿದ್ದರು. ಅಸಲು ಇಳಿದಿರಲಿಲ್ಲ. ಮೂರು ಸಲ ಓಡಾಡಿ ಸರಿಪಡಿಸಿಕೊಂಡೆವು. ಆದ್ದರಿಂದ ಬಾಯಿಮಾತಿಗೆ ಬಿಡದೆ ಒಂದು ಅರ್ಜಿ ಬರೆದು ಕೊಡಿ: “ಈ ಹಣವನ್ನು ಅಸಲಿಗೆ ಜಮಾ ಮಾಡಿ. ಕಂತು ಇದ್ದಷ್ಟೇ ಇರಲಿ, ಅವಧಿ ಕಡಿಮೆ ಮಾಡಿ.” ಅರ್ಜಿಯ ಪ್ರತಿಗೆ ಮುದ್ರೆ ಹಾಕಿಸಿಕೊಳ್ಳಿ. ಒಂದು ವಾರ ಬಿಟ್ಟು ಹೊಸ ಲೆಕ್ಕಪತ್ರ ತರಿಸಿ ನೋಡಿ.

ಬಡ್ಡಿದರ ಬದಲಾದಾಗಲೂ ಕಣ್ಣಿಡಿ. 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕಿನ ರೆಪೊ ದರ ಶೇಕಡಾ 4ರಿಂದ 6.5ಕ್ಕೆ ಏರಿತು, ಅದರ ಹಿಂದೆ ಮನೆಸಾಲದ ಬಡ್ಡಿಯೂ ಏರಿತು. ಎಷ್ಟೋ ಮನೆಗಳ ಕಂತು ಅಷ್ಟೇ ಉಳಿಯಿತು, ಆದರೆ ಅವಧಿ ವರ್ಷಗಟ್ಟಲೆ ಉದ್ದವಾಯಿತು. ಮನೆಯವರಿಗೆ ಅದು ಗೊತ್ತೇ ಆಗಲಿಲ್ಲ. ಹೀಗಾಗಬಾರದೆಂದು 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕು ನಿಯಮ ಮಾಡಿದೆ. ದರ ಬದಲಾದರೆ ಬ್ಯಾಂಕು ತಿಳಿಸಬೇಕು. ಕಂತು ಏರಿಸಬೇಕೋ ಅವಧಿ ಏರಿಸಬೇಕೋ ಎಂಬ ಆಯ್ಕೆ ಸಾಲಗಾರನಿಗೆ ಇರಬೇಕು. 2025ರ ಫೆಬ್ರವರಿಯಿಂದ ಜೂನ್‌ವರೆಗೆ ಅದೇ ದರ ಒಟ್ಟು ಶೇಕಡಾ 1ರಷ್ಟು ಇಳಿಯಿತು. ದರ ಇಳಿದಾಗ ಕಂತು ಕಡಿಮೆ ಮಾಡಿಸಿಕೊಳ್ಳುವ ಆಸೆ ಬರುತ್ತದೆ. ಹಳೆಯ ಕಂತನ್ನೇ ಮುಂದುವರಿಸಿ. ಮನೆಖರ್ಚಿಗೆ ಒಂದು ಪೈಸೆಯೂ ಹೊರೆಯಾಗದೆ ಸಾಲ ಬೇಗ ಇಳಿಯುವ ದಾರಿ ಅದು.

ನಮ್ಮ ಸಾಲ 2020ರ ಜನವರಿಯಲ್ಲಿ, ಬನದ ಹುಣ್ಣಿಮೆ ಕಳೆದ ವಾರದಲ್ಲಿ ಮುಗಿಯಿತು. ಹದಿನೈದು ವರ್ಷದ್ದು ಹತ್ತಕ್ಕೆ ತೀರಿತು. ಎರಡೇ ತಿಂಗಳಿಗೆ, ಮಾರ್ಚ್ 25ರಂದು, ಕೊರೊನಾದಿಂದಾಗಿ ದೇಶಕ್ಕೆ ಬೀಗ ಬಿತ್ತು. ಲಗ್ನದ ಕಾಲದಲ್ಲಿ ಅಂಗಡಿಯ ಬಾಗಿಲು ಮುಚ್ಚಿತು. ಇಳಕಲ್‌ನಲ್ಲಿ ಸೀರೆಯ ಒಡಲಿಗೆ ಸೆರಗಿನ ಕೊಂಡಿ ಹಾಕುವ ಕೈಗಳು ಸುಮ್ಮನೆ ಕುಳಿತವು. ಸಾಲ ಇದ್ದವರಿಗೆ ಕಂತಿನಿಂದ ಆರು ತಿಂಗಳ ಬಿಡುವು ಸಿಕ್ಕಿತು, ಆದರೆ ಬಡ್ಡಿ ಬೆಳೆಯುತ್ತಲೇ ಇತ್ತು. ಅತ್ತೆಯ ಮಾತು ಆಗ ಇಡೀ ದೇಶಕ್ಕೆ ತಿಳಿಯಿತು. ನಮಗೆ ಕಂತಿನ ಚಿಂತೆ ಇರಲಿಲ್ಲ, ಠೇವಣಿಯಲ್ಲಿ ಆರು ತಿಂಗಳ ಖರ್ಚು ಇತ್ತು. ಅಂಗಡಿಗೆ ಸೀರೆ ಕೊಡುವ ಇಬ್ಬರು ನೇಕಾರರ ಬಾಕಿಯನ್ನು ಆ ಹಣದಲ್ಲಿ ಮುಂಚಿತವಾಗಿ ಕೊಡಲು ಸಾಧ್ಯವಾಯಿತು. ಸಾಲ ತೀರಿದ ಮನೆ ತಾನು ನಿಲ್ಲುವುದರ ಜೊತೆಗೆ ಇನ್ನೊಂದು ಮನೆಗೆ ಆಸರೆಯಾಗಬಲ್ಲದು ಎಂದು ನನಗೆ ತಿಳಿದದ್ದು ಆಗ.

ಸಾಲ ಮುಗಿದ ಮೇಲೂ ಕೆಲಸ ಇರುತ್ತದೆ. ನಮ್ಮ ಮನೆಯ ಮೂಲ ಕಾಗದಪತ್ರ ಕೈಗೆ ಬರಲು ಎಷ್ಟೋ ತಿಂಗಳು ಕಾಯಬೇಕಾಯಿತು. ನಿಮಗೆ ಆ ಕಷ್ಟ ಬೇಡ. 2023ರ ಡಿಸೆಂಬರ್ 1ರಿಂದ ನಿಯಮ ಬದಲಾಗಿದೆ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಕಾಗದಪತ್ರ ಮರಳಿಸಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಬಾಕಿ ಇಲ್ಲ ಎಂಬ ಪತ್ರ ಪಡೆಯಿರಿ. ಆಸ್ತಿಯ ಉತಾರದಲ್ಲಿ ಸಾಲದ ಬೋಜಾ ಏರಿದ್ದರೆ ಅದನ್ನು ಕಡಿಮೆ ಮಾಡಿಸಿ, ಹೊಸ ಉತಾರ ತೆಗೆದು ನೋಡಿ. ಉಪನೋಂದಣಿ ಕಚೇರಿಯ ಋಣಭಾರ ಪತ್ರದಲ್ಲೂ ಸಾಲ ತೀರಿದ್ದು ದಾಖಲಾಗಿದೆಯೇ ಎಂದು ಪರೀಕ್ಷಿಸಿ. ಬೋಜಾ ಇಳಿಯದ ಉತಾರವನ್ನು ಮಕ್ಕಳ ಕೈಗೆ ಕೊಟ್ಟರೆ ತೀರಿಸಿದ ಸಾಲಕ್ಕೆ ಅವರು ಓಡಾಡಬೇಕಾಗುತ್ತದೆ.

ಬಂಧುಗಳೆ, ಸಾಲದಿಂದ ಬಿಡುಗಡೆಯ ದಾರಿಯನ್ನು ನಮ್ಮ ನೆಲ ಬಹಳ ಹಿಂದೆಯೇ ಹುಡುಕಿತ್ತು. ನೆರೆಯ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಭಾರತದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಅದಕ್ಕೆ ಹೆಸರು. ಒಬ್ಬನ ಕೈಯಲ್ಲಿ ಆಗದ್ದು ಊರು ಕೂಡಿದರೆ ಆಗುತ್ತದೆ ಎಂಬುದು ಅವರ ನಂಬಿಕೆ. ಮನೆಯೂ ಒಂದು ಸಣ್ಣ ಸಹಕಾರ ಸಂಘವೇ. ಲೆಕ್ಕ ಗಂಡನ ಜೇಬಿನಲ್ಲಿ ಮಾತ್ರ ಇದ್ದರೆ ಅದು ನಡೆಯುವುದಿಲ್ಲ. ಹೆಂಡತಿಗೆ ಗೊತ್ತಿರಬೇಕು, ಬೆಳೆದ ಮಕ್ಕಳಿಗೂ ಗೊತ್ತಿರಬೇಕು.

ಮಗ್ಗಕ್ಕೆ, ಎತ್ತಿಗೆ ಬಿಡುವು ಸಿಗುವ ಮುಂದಿನ ಅಮಾವಾಸ್ಯೆಯ ಸಂಜೆ ನೀವೂ ಒಂದು ತಾಸು ಬಿಡುವು ಮಾಡಿಕೊಳ್ಳಿ. ಸಾಲದ ಲೆಕ್ಕಪತ್ರ ತೆಗೆದು ಮನೆಮಂದಿ ಎಲ್ಲ ಕೂತು ಓದಿ. ಉಳಿದ ಅಸಲು ಎಷ್ಟು ಎಂಬುದನ್ನು ಗೋಡೆಯ ಪಂಚಾಂಗದ ಮೇಲೆ ಬರೆಯಿರಿ. ಆ ಅಂಕಿಯನ್ನು ಪ್ರತಿ ಅಮಾವಾಸ್ಯೆಗೂ ತಿದ್ದುತ್ತ ಹೋಗಿ. ಅದು ಸೊನ್ನೆಯಾಗುವ ದಿನ ನಿಮ್ಮೆಲ್ಲರ ಮನೆಗೂ ಬೇಗ ಬರಲಿ.